ಭೋಜಣ್ಣನ ಬಸ್ಸಿನ ಕತೆಯ ಸೀಟು

ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯಲ್ಲಿ ಗ್ಯಾರೇಜುಗಳ ಶಟರ್ ಇನ್ನೂ ಮೇಲೆದ್ದಿಲ್ಲ. ಬೆಳಗಿನ ನಮಾಜು ಮುಗಿಸಿದ ನಾಲ್ಕಾರು ಜನ ಮಸೀದಿಯಿಂದ ಹೊರಬರುತ್ತಿದ್ದಾರೆ. ರಸ್ತೆಬದಿಯಲ್ಲಿ ನಿಂತ ಮಿನಿ ಬಸ್ಸಿನ ಮುಂದಿನ ಗಾಜನ್ನು ಭೋಜರಾಜ ಹಳೆಯ ಲುಂಗಿಯ ತುಂಡಿನಿಂದ ಒರೆಸುತ್ತಿದ್ದಾರೆ. ಜುಲೈ ತಿಂಗಳ ಮಸ್ಕತ್ತಿನಲ್ಲಿ ಗಾಜಿಗೂ ಬೆವರು. ಒರೆಸಿ ಮುಗಿಸುವಷ್ಟರಲ್ಲಿ ಮತ್ತೆ ಮಬ್ಬಾಗುತ್ತದೆ. ಅವರು ಬೈಯುವುದಿಲ್ಲ, ಮತ್ತೆ ಒರೆಸುತ್ತಾರೆ.

ಒಂದೊಂದಾಗಿ ಕಾರುಗಳು ಬಂದು ಸಂಸಾರಗಳನ್ನು ಇಳಿಸಿ ಹೋಗುತ್ತವೆ. ಚಿತ್ರಾನ್ನದ ಡಬ್ಬಿ, ನೀರಿನ ಬಾಟಲಿಗಳ ಕಟ್ಟು, ನಿದ್ದೆಗಣ್ಣಿನ ಮಕ್ಕಳು, ಎಲ್ಲವನ್ನೂ ಭೋಜರಾಜ ಒಂದೇ ಜಾಗ್ರತೆಯಿಂದ ಒಳಗೆ ಸೇರಿಸುತ್ತಾರೆ. ಕೊನೆಗೆ ತಲೆ ಎಣಿಸಿ, 'ಯಲ್ಲಾ', ಹೊರಡೋಣ, ಎಂದು ಬಾಗಿಲು ಎಳೆಯುತ್ತಾರೆ. ಬಸ್ಸು ಹೊರಟಿರುವುದು ಸಾವಿರ ಕಿಲೋಮೀಟರ್ ದೂರದ ಸಲಾಲಾಕ್ಕೆ, ಕನ್ನಡ ನಾಟಕ ನೋಡುವುದಕ್ಕೆ.

ಮಸ್ಕತ್ತು ಕೆಂಡವಾಗಿರುವ ಈ ತಿಂಗಳುಗಳಲ್ಲಿ ಸಲಾಲಾದಲ್ಲಿ ಜಿನುಗು ಮಳೆ, ಮಂಜು. ಅದನ್ನು ಇಲ್ಲಿ ಖರೀಫ್ ಎನ್ನುತ್ತಾರೆ. ಬೇಸಿಗೆ ರಜೆಯ ವಿಮಾನ ಟಿಕೆಟ್ಟಿನ ದರ ಕೇಳಿ ಊರಿಗೆ ಹೋಗುವ ಆಸೆ ಬಿಟ್ಟ ಕನ್ನಡಿಗರು ಅಲ್ಲಿ ಎರಡು ದಿನದ ನಾಟಕೋತ್ಸವ ನಡೆಸುತ್ತಾರೆ. ಗುರುವಾರ ಒಂದು, ಶುಕ್ರವಾರ ಒಂದು ನಾಟಕ. ಶಾಲೆಗೆ ರಜೆ, ಹಾಗಾಗಿ ಶಾಲೆಯ ಮಕ್ಕಳನ್ನು ಹೊರುವ ಭೋಜರಾಜರ ಬಸ್ಸಿಗೂ ಬಿಡುವು. ಒಂಬತ್ತು ವರ್ಷದಿಂದ ವಾದಿ ಕಬೀರ್ ಮತ್ತು ಅಲ್ ಮವಾಲೇಹ್‌ನ ಸಂಸಾರಗಳನ್ನು ಉತ್ಸವಕ್ಕೆ ಕರೆದೊಯ್ದು ಮರಳಿ ತರುತ್ತಿರುವವರು ಇವರೇ. ಈ ಒಂಬತ್ತು ವರ್ಷದಲ್ಲಿ ಅವರು ನೋಡಿದ ನಾಟಕ ಒಂದೂ ಇಲ್ಲ.

"ನಾಟಕ ನೋಡಿದ್ರೆ ನಿದ್ದೆ ಯಾವಾಗ ಮಾಡುದು ಮೇಡಂ?" ಎಂದು ಅವರು ನನ್ನನ್ನೇ ಕೇಳುತ್ತಾರೆ. "ಗುರುವಾರ ಇಡೀ ದಿನ ಓಡಿಸಿ ಬಂದಿರ್ತೇನೆ, ಕಣ್ಣು ನಿಲ್ಲುದಿಲ್ಲ. ಶುಕ್ರವಾರ ಬೇಗ ಮಲಗಲೇಬೇಕು. ಶನಿವಾರ ಬೆಳಿಗ್ಗೆ ಬೇಗ ಹೊರಟ್ರೆ ಮಾತ್ರ ಬೆಳಕಿರುವಾಗ ಮಸ್ಕತ್ ಸಿಗುದು. ಕತ್ತಲೆಯಲ್ಲಿ ಒಂಟೆ ರಸ್ತೆಗೆ ಬಂದ್ರೆ ಹತ್ತಿರ ಬರುವ ತನಕ ಕಾಣುದೇ ಇಲ್ಲ."

ಬಸ್ಸಿನ ಮಾಲೀಕ, ಅವರ ವೀಸಾದ ಹೊಣೆ ಹೊತ್ತ ಕಫೀಲ್ ಮುಹಮ್ಮದ್, ಪ್ರವಾಸಕ್ಕೆ ಬಸ್ಸು ಕೊಡುವಾಗ ಹಾಕುವ ಷರತ್ತು ಒಂದೇ. "ಅವ್ವಲ್ ನೌಮ್, ಬಾದೇನ್ ಸಯ್ಯಾರಾ." ಮೊದಲು ನಿದ್ದೆ, ಆಮೇಲೆ ಗಾಡಿ. ಭೋಜರಾಜ ಅದನ್ನು ದೇವರ ಮುಂದೆ ಇಟ್ಟ ಮಾತಿನಂತೆ ಪಾಲಿಸುತ್ತಾರೆ.

ಹಾಗೆಂದು ಅವರಿಗೆ ನಾಟಕ ಗೊತ್ತಿಲ್ಲವೆಂದಲ್ಲ. ಈ ಬಸ್ಸಿನಲ್ಲಿ ಒಂದು ಪದ್ಧತಿ ಇದೆ. ಮರಳುವ ದಾರಿಯಲ್ಲಿ ಥುಮ್ರೈತ್ ದಾಟಿದ ಮೇಲೆ ಹೈಮಾದವರೆಗೆ ರಸ್ತೆ ಗೆರೆ ಎಳೆದಷ್ಟು ನೇರ. ಮರವಿಲ್ಲ, ತಿರುವಿಲ್ಲ, ಜೋಂಪು ಹತ್ತಿಸುವ ರಸ್ತೆ. ಆ ದಾರಿಯಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಯಾರು ಕೂರುತ್ತಾರೋ ಅವರು ರಾತ್ರಿ ನೋಡಿದ ನಾಟಕವನ್ನು ಭೋಜರಾಜರಿಗೆ ಹೇಳಬೇಕು. ಅದಕ್ಕೆ ಕತೆಯ ಸೀಟು ಎಂದೇ ಹೆಸರು. ತೂಕಡಿಸುವವರಿಗೆ ಆ ಸೀಟಿಲ್ಲ.

ಅಲ್ ಮವಾಲೇಹ್‌ನಲ್ಲಿರುವ ಮೈಸೂರಿನ ಎಂಜಿನಿಯರ್ ಬಾಲಸುಬ್ರಹ್ಮಣ್ಯ ಆ ಸೀಟಿನ ಕಾಯಂ ಗಿರಾಕಿ. ನಾನು ಈ ಪ್ರವಾಸಕ್ಕೆ ಸೇರಿದ್ದೂ ಅವರ ಮನೆಯ ಅತಿಥಿಯಾಗಿ. "ನಾನು ನಾಟಕದ ಒಳಾರ್ಥವನ್ನೆಲ್ಲ ಬಿಡಿಸಿ ಹೇಳ್ತೀನಿ ಕಣ್ರೀ" ಎನ್ನುತ್ತಾರೆ ಅವರು. "ಒಳಾರ್ಥ ಶುರುವಾದ್ರೆ ನಂಗೆ ಆಕಳಿಕೆ ಬರ್ತದೆ, ಆಗ ಎಸಿ ಜೋರು ಮಾಡುದು" ಎನ್ನುತ್ತಾರೆ ಭೋಜರಾಜ. ಇಬ್ಬರೂ ನಗುತ್ತಾರೆ.

ಭೋಜರಾಜರ ಊರು ಕಾರ್ಕಳದ ಹತ್ತಿರ. ಹೆಂಡತಿ ವಾರಿಜಾಕ್ಷಿ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಒಬ್ಬಳೇ ಮಗಳು ಸುಪ್ರೀತಾ. ಅಪ್ಪ ಗಲ್ಫಿಗೆ ಬಂದಾಗ ಅವಳಿಗೆ ನಾಲ್ಕು ವರ್ಷ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಮಗಳು ಹತ್ತಿರ ಬರುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತಿತ್ತು. ಆ ಸಂಕಟವನ್ನು ಅವರು ಹೆಚ್ಚು ಹೇಳುವುದಿಲ್ಲ. "ಫೋನಲ್ಲಿ ಅವಳತ್ರ ಎಂತ ಮಾತಾಡುದು ಅಂತಲೇ ಗೊತ್ತಾಗ್ತಿರ್ಲಿಲ್ಲ. ಊಟ ಆಯ್ತಾ, ಶಾಲೆ ಉಂಟಾ, ಖಲಾಸ್. ಮತ್ತೆ ಈ ನಾಟಕದ ಕತೆ ಹೇಳ್ಲಿಕ್ಕೆ ಶುರು ಮಾಡಿದೆ. ಆಗ ಫೋನು ಇಡ್ಲಿಕ್ಕೇ ಬಿಡ್ತಿರ್ಲಿಲ್ಲ."

ಒಂದು ನಾಟಕವನ್ನು ವಾರಗಟ್ಟಲೆ ಎಳೆಯುತ್ತಿದ್ದರಂತೆ. "ಅವಳು ಸಣ್ಣವಳಿರುವಾಗ ನಾಟಕದಲ್ಲಿ ಯಾರಾದ್ರೂ ಸತ್ರೆ ಅಳುದು, ಮಲಗುದೇ ಇಲ್ಲ ಅಂತ ಅವಳಮ್ಮನ ಕಂಪ್ಲೇಂಟು. ಹಾಗೆ ನಾನು ಸಾಯುವವರನ್ನೆಲ್ಲ ಉಳಿಸ್ತಿದ್ದೆ. ನಾಟಕದವರಿಗೆ ಗೊತ್ತಾದ್ರೆ ಹೊಡೀತಾರೆ."

ಈ ವರ್ಷ ಪಿಯುಸಿ ಮುಗಿಸಿದ ಸುಪ್ರೀತಾ ಅಮ್ಮನೊಡನೆ ವಿಸಿಟ್ ವೀಸಾದಲ್ಲಿ ಮೊದಲ ಬಾರಿ ಒಮಾನಿಗೆ ಬಂದಿದ್ದಾಳೆ. ಅವಳು ನೋಡಬೇಕೆಂದದ್ದು ಸಮುದ್ರವನ್ನಲ್ಲ, ಮತ್ರಾದ ಪೇಟೆಯನ್ನಲ್ಲ. ಅಪ್ಪನ ಪಕ್ಕ ಕೂತು ನಾಟಕವನ್ನು.

ಗುರುವಾರ ಸಂಜೆ ಸಭಾಂಗಣದಲ್ಲಿ ಅವಳು ಮೂರು ಕುರ್ಚಿ ಹಿಡಿದು ಕಾಯುತ್ತಾಳೆ. ಒಂದು ಖಾಲಿಯೇ ಉಳಿಯುತ್ತದೆ. ನಾಟಕ ಮುಗಿಸಿ ಬಂದಾಗ ಅಪ್ಪ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ, ಕಿಟಕಿ ತೆರೆದು, ಮೊಣಕಾಲು ಮಡಚಿ ಗೊರಕೆ ಹೊಡೆಯುತ್ತಿದ್ದಾರೆ. ಪ್ರತಿ ವರ್ಷವೂ ಹೀಗೇ ಎಂದು ಬಸ್ಸಿನವರು ಅವಳಿಗೆ ಹೇಳುತ್ತಾರೆ. ಮರುದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಕೇಳುತ್ತಾಳೆ. ಮನೆಮಾತು ತುಳು, ನಾನಿದ್ದೇನೆಂದು ಕನ್ನಡಕ್ಕೆ ಹೊರಳಿದ್ದಾರೆ.

"ಪಪ್ಪ, ನೀವು ಒಂದು ನಾಟಕವೂ ನೋಡ್ಲಿಲ್ವಾ? ಹಾಗಾದ್ರೆ ಫೋನಲ್ಲಿ ಹೇಳಿದ್ದೆಲ್ಲ?"

"ಕೇಳಿದ್ದು ಮಗಾ. ನೋಡಿದ್ದು ಅಂತ ನಾನು ಹೇಳಿದ್ದುಂಟಾ?"

"ಹೇಳಿದ್ರಿ" ಎನ್ನುತ್ತಾರೆ ವಾರಿಜಾಕ್ಷಿ. "ನಾನೇ ಕೇಳಿದ್ದೇನೆ."

ಭೋಜರಾಜ ಚಹಾದ ಲೋಟ ನೋಡುತ್ತಾರೆ. ಮಗಳ ಮುಖ ಇಳಿದುಹೋಗಿದೆ. ಅವಳಿಗೆ ಬಂದದ್ದು ಕೋಪವೆಂದು ಅವರು ತಿಳಿದಿದ್ದಾರೆ. ಅವಳು ಆಮೇಲೆ ನನಗೆ ಹೇಳಿದ್ದು ಬೇರೆ. "ಪಪ್ಪ ಅಲ್ಲಿ ಖುಷಿಯಲ್ಲಿ ನಾಟಕ ನೋಡ್ತಾರೆ ಅಂತ ನಾನೂ ಅಮ್ಮನೂ ಸಮಾಧಾನದಲ್ಲಿ ಇದ್ದದ್ದು. ಅವರು ಬಸ್ಸಲ್ಲಿ ಮಲಗ್ತಾ ಇದ್ರು."

ಸುದ್ದಿ ಬಸ್ಸೆಲ್ಲ ಹರಡುತ್ತದೆ. ಶನಿವಾರ ನಿಧಾನವಾಗಿ ಹೊರಡೋಣ, ನೀವೂ ನಾಟಕ ನೋಡಿ ಎಂದು ಬಾಲಸುಬ್ರಹ್ಮಣ್ಯ ಒತ್ತಾಯಿಸುತ್ತಾರೆ. ಭೋಜರಾಜ ಒಪ್ಪುವುದಿಲ್ಲ. ನಿಧಾನ ಮಾಡಿದರೆ ದಾರಿಯಲ್ಲೇ ಕತ್ತಲಾಗುತ್ತದೆ, ಬಸ್ಸಿನಲ್ಲಿ ಮಕ್ಕಳಿದ್ದಾರೆ. ಕೊನೆಗೆ ಅವರೇ ಒಂದು ದಾರಿ ಹುಡುಕುತ್ತಾರೆ. ಮಧ್ಯಾಹ್ನ ತಿರುಗಾಟಕ್ಕೆ ಹೋದವರೆಲ್ಲ ಜಲಪಾತ ನೋಡುವಾಗ ಬಸ್ಸಿನಲ್ಲೇ ಒಂದು ನಿದ್ದೆ ತೆಗೆಯುವುದು, ಸಂಜೆ ವಿರಾಮದವರೆಗೆ ಮಾತ್ರ ನಾಟಕ ನೋಡುವುದು.

ಶುಕ್ರವಾರದ ನಾಟಕ ಬಾವಿ ತೋಡುವ ಒಬ್ಬನದು. ಊರಿಗೆಲ್ಲ ನೀರು ಕೊಟ್ಟವನಿಗೆ ತನ್ನ ಹಿತ್ತಲಲ್ಲಿ ನೀರು ಸಿಗುವುದಿಲ್ಲ. ಭೋಜರಾಜ ಇಸ್ತ್ರಿ ಮಾಡಿದ ಅಂಗಿ ಹಾಕಿ, ಹೆಂಡತಿ ಮಗಳ ನಡುವೆ ಕೂತು, ಸ್ಟೇರಿಂಗ್ ಇಲ್ಲದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ. ನಗುವ ಕಡೆ ಎಲ್ಲರಿಗಿಂತ ತುಸು ತಡವಾಗಿ, ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಹಗ್ಗ ಕಟ್ಟಿಕೊಂಡು ಅವನು ಕೊನೆಯ ಸಲ ಬಾವಿಗೆ ಇಳಿಯುವಲ್ಲಿ ವಿರಾಮ. ದೀಪ ಹತ್ತುತ್ತದೆ. ಭೋಜರಾಜ ಎದ್ದು ನಿಲ್ಲುತ್ತಾರೆ.

"ನೀನು ಸರಿಯಾಗಿ ನೋಡು ಮಗಾ. ನಾಳೆ ಹೇಳು."

ಶನಿವಾರ ಬೆಳಿಗ್ಗೆ ಬಾಲಸುಬ್ರಹ್ಮಣ್ಯ ಕತೆಯ ಸೀಟನ್ನು ಸುಪ್ರೀತಾಗೆ ಬಿಟ್ಟುಕೊಟ್ಟು ಹಿಂದೆ ಕೂರುತ್ತಾರೆ. ಗುಡ್ಡ ಹತ್ತುವಾಗ ಮಂಜು. ಆ ದಾರಿಯಲ್ಲಿ ಡ್ರೈವರನ್ನು ಯಾರೂ ಮಾತಾಡಿಸುವುದಿಲ್ಲ. ಥುಮ್ರೈತ್ ದಾಟಿ ಬಿಸಿಲು ಬಿದ್ದ ಮೇಲೆ ಅವಳು ಶುರು ಮಾಡುತ್ತಾಳೆ. ಬಾವಿಯ ಆಳ, ಮೇಲೆ ಹಗ್ಗ ಹಿಡಿದ ಹೆಂಡತಿ, ಒಳಗಿಂದ ಬರುವ ಗುದ್ದಲಿಯ ಸದ್ದು. ಅವಳು ಹೇಳುತ್ತಾಳೆ: ನೀರು ಉಕ್ಕಿತು, ಮಣ್ಣು ಕುಸಿಯಿತು, ಹಗ್ಗ ಸಡಿಲವಾಯಿತು. ಎಲ್ಲರೂ ಸೇರಿ ಎಳೆದರು. ಮೈಯೆಲ್ಲ ಕೆಸರಾಗಿ ಅವನು ಮೇಲೆ ಬಂದ. ಮೊದಲ ಕೊಡ ನೀರನ್ನು ಹೆಂಡತಿ ಅವನ ತಲೆಯ ಮೇಲೆ ಸುರಿದಳು.

ಬಾಲಸುಬ್ರಹ್ಮಣ್ಯರ ಮಗಳು, ಎಂಟು ವರ್ಷದ ಹಿತಾ, ಸೀಟಿನ ಮೇಲೆ ಎದ್ದು ನಿಲ್ಲುತ್ತಾಳೆ. "ಬಟ್ ಅಪ್ಪಾ, ಹೀ ಡಸಂಟ್..." ಅಷ್ಟರಲ್ಲಿ ಅವಳಪ್ಪ ಅವಳ ಬಾಯಿಗೆ ಒಂದು ಚಕ್ಕುಲಿ ಇಡುತ್ತಾರೆ. ರಾತ್ರಿ ನಾವೆಲ್ಲ ನೋಡಿದ ನಾಟಕದಲ್ಲಿ ಮೇಲೆ ಬಂದದ್ದು ಬರಿಯ ಹಗ್ಗ. ಅಷ್ಟು ಜನರಲ್ಲಿ ಒಬ್ಬರೂ ತಿದ್ದುವುದಿಲ್ಲ. ಒಳಾರ್ಥದ ಬಾಲಸುಬ್ರಹ್ಮಣ್ಯ ಕಿಟಕಿಯ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಳ್ಳುತ್ತಾರೆ.

ಸಂಜೆ ಬೆಳಕಿರುವಾಗಲೇ ಬಸ್ಸು ವಾದಿ ಕಬೀರ್ ಮುಟ್ಟುತ್ತದೆ. ಎಲ್ಲರ ಬ್ಯಾಗು ಇಳಿಸಿ, ಸೀಟಿನಡಿಯ ಚಕ್ಕುಲಿ ಚೂರು ಗುಡಿಸುತ್ತಿರುವ ಭೋಜರಾಜರ ಬಳಿ ನಾನು ಅಳುಕುತ್ತ ನಿಲ್ಲುತ್ತೇನೆ. ಈ ಬರಹದಲ್ಲಿ ನಾಟಕದ ಕೊನೆ ಬರೆಯಲೋ ಬೇಡವೋ ಎಂದು ಅವರನ್ನೇ ಕೇಳುತ್ತೇನೆ.

"ಬರೀರಿ ಮೇಡಂ, ಪರವಾಗಿಲ್ಲ" ಎನ್ನುತ್ತಾರೆ ಅವರು ಪೊರಕೆ ನಿಲ್ಲಿಸದೆ. "ಹೈಮಾದಲ್ಲಿ ಚಹಾಕ್ಕೆ ಇಳಿದಾಗ ಆ ಚಕ್ಕುಲಿ ತಿಂದ ಸಣ್ಣದು ಬಂದು ಕಿವಿಯಲ್ಲಿ ಹೇಳಿ ಹೋಗಿದೆ."

ಬರುವ ವರ್ಷವೂ ಅವರು ವಿರಾಮದಲ್ಲಿ ಎದ್ದು ಬರುವವರೇ. ಬೇಸರವಿಲ್ಲವೇ ಎಂದರೆ ಸೊಂಟ ನೆಟ್ಟಗೆ ಮಾಡಿ, ರಸ್ತೆಯಾಚೆ ಅಮ್ಮನ ಜೊತೆ ನಿಂತ ಮಗಳ ಕಡೆ ನೋಡುತ್ತಾರೆ.

"ನಾನು ಫೋನಲ್ಲಿ ಎಷ್ಟು ಜನರನ್ನು ಉಳಿಸಿದ್ದೇನೆ ಅವಳಿಗೋಸ್ಕರ. ಅವಳು ನಂಗೆ ಒಬ್ಬನನ್ನು ಉಳಿಸಿ ಕೊಟ್ಳು. ಇನ್ನು ಯಾರಾದ್ರೂ ಆ ನಾಟಕ ಕೇಳಿದ್ರೆ, ಅವ ಬಾವಿಯಿಂದ ಮೇಲೆ ಬಂದ ಅಂತಲೇ ನಾನು ಹೇಳುದು."