ಮಣ್ಣೂರಿನ ವಾಟರ್‌ಮನ್ ಕುಡಿದ ಬುರ್ಕಿನಾ ಫಾಸೊದ ನೀರು

ಭೀಮೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಅಫಜಲಪುರ ತಾಲ್ಲೂಕಿನ ಮಣ್ಣೂರಿನಲ್ಲಿ ವಾಟರ್‌ಮನ್ ಧಮ್ಮಪಾಲ ಗುಂಡಿಗಿಳಿದು ವಾಲ್ವ್ ತಿರುಗಿಸುತ್ತಾರೆ. ಪೈಪಿನೊಳಗೆ ಮೊದಲು ಗಾಳಿ ಸುಯ್ಯೆನ್ನುತ್ತದೆ, ಹಿಂದೆಯೇ ನೀರು ಬರುತ್ತದೆ. ಆ ಸದ್ದಿಗೆ ಅವರು ಅರೆಗಣ್ಣು ಮುಚ್ಚಿ ಎಲ್ಲೋ ಹೋಗಿಬಿಡುತ್ತಾರೆ.

"ಅಣ್ಣಾ, ಮತ್ತ ಆಫ್ರಿಕಾಕ್ಕ ಹೋದಿರೇನು?" ಕೊಡ ಹಿಡಿದ ಹೀರಾಬಾಯಿ ನಗುತ್ತಾರೆ. "ಅಲ್ಲೂ ಹಿಂಗ ಥಂಡಿ ಇರ್ತದೇನ್ರಿ?"

"ಈಗ ಅಲ್ಲಿ ಸಹಾರಾದ ಧೂಳಗಾಳಿ ಬೀಸಾಕತ್ತಿರ್ತದವ್ವ. ಹರ್ಮಟ್ಟಾನ್ ಅಂತಾರ. ಸೂರ್ಯ ತಾಮ್ರದ ತಾಟಿನಂಗ ಕಾಣ್ತಾನ."

ಬೋರ್‌ವೆಲ್ ಲಾರಿಯಲ್ಲಿ ದುಡಿಯುತ್ತಿದ್ದ ಧಮ್ಮಪಾಲರನ್ನು ಗುತ್ತಿಗೆದಾರನೊಬ್ಬ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊಗೆ ಕರೆದೊಯ್ದಿದ್ದ. ಕಡಲಿಲ್ಲದ ನಾಡು. ಶತಮಾನಗಟ್ಟಲೆ ಮೋಸಿ ಜನಾಂಗದ ಅರಸರು ಆಳಿದ್ದು, ಆಮೇಲೆ ಫ್ರೆಂಚರು ಬಂದದ್ದು, ೧೯೬೦ರಲ್ಲಿ ಬಿಡುಗಡೆಯಾದದ್ದು, ಅಪ್ಪರ್ ವೋಲ್ಟಾ ಎಂಬ ಹಳೆಯ ಹೆಸರನ್ನು ಕಳಚಿ ಹೊಸ ಹೆಸರಿಟ್ಟುಕೊಂಡದ್ದು, ಎಲ್ಲವನ್ನೂ ಲಾರಿ ಚಾಲಕ ಇಸ್ಸಾ ಸಂಜೆಯ ಚಹಾ ಕಾಯಿಸುತ್ತ ಮುರುಕು ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

"ಆ ಹೆಸರಂದ್ರ ನೀಯತ್ತಿನ ಮಂದಿ ನಾಡು ಅಂತ್ರಿ. ನೆಲದಾಗ ಬಂಗಾರ ಅದ, ಹೊಲದಾಗ ಹತ್ತಿ ಅದ. ಮಂದಿ ಕೈಯಾಗ ಮಾತ್ರ ಏನೂ ಇಲ್ಲ. ಉಣ್ಣೋದು ನಮ್ಮಂಗ ಜ್ವಾಳ, ಸಜ್ಜಿ," ಎನ್ನುತ್ತಾರೆ ಧಮ್ಮಪಾಲ.

ಅಲ್ಲಿ ಮಳೆಗಾಲ ಮೂರು ನಾಲ್ಕು ತಿಂಗಳು. ಅದು ಮುಗಿದರೆ ಹೆಂಗಸರು ನೀರಿಗಾಗಿ ಹರದಾರಿ ನಡೆಯಬೇಕು. ಅಂಥದೊಂದು ಹಳ್ಳಿಯಲ್ಲಿ ಇವರ ತಂಡ ಕೊರೆದ ಎರಡು ಬೋರುಗಳಲ್ಲೂ ನೀರು ಸಿಕ್ಕಿರಲಿಲ್ಲ. ಮೂರನೆಯದರಲ್ಲೂ ಬರೀ ಬಿಳಿ ಪುಡಿ ಹಾರುತ್ತಿತ್ತು. ಯಂತ್ರ ಎತ್ತಿರೆಂದು ಸಾಹೇಬರ ಹುಕುಂ ಬಂತು. ಅವಾ ಎಂಬ ಮುದುಕಿ ಮಾತ್ರ ಬೇವಿನ ನೆರಳಿನಿಂದ ಏಳಲೇ ಇಲ್ಲ.

"ಆಕಿ ಮಾರಿ ನೋಡಿ ನಂಗ ಆಗ್ಲಿಲ್ರಿ. ಇನ್ನೆರಡು ಕೊರಿಯೋ ರಾಡ್ ಇಳಿಸ್ತೇನಿ, ಬೇಕಾದ್ರ ನನ್ನ ಪಗಾರ ಕಡೀರಿ ಅಂದೆ."

ಎರಡನೆಯ ರಾಡ್ ಇಳಿಯುತ್ತಿದ್ದಂತೆ ಪುಡಿ ಒದ್ದೆಯಾಯಿತು. ಆಮೇಲೆ ಕೆಂಪು ನೀರು ಬೇವಿನ ತುದಿಗೆ ಚಿಮ್ಮಿತು. ಕೈಪಂಪು ಕೂರಿಸಿ ನೀರು ತಿಳಿಯಾದಾಗ ಅವಾ ಸೋರೆ ಬುರುಡೆ ತುಂಬಿಸಿಕೊಂಡು ಬಂದು, ಎಲ್ಲರನ್ನೂ ಸರಿಸಿ, ಧಮ್ಮಪಾಲರ ಮುಂದೆ ಹಿಡಿದಳು. ಅವರ ಅಂಗೈಗಳು ತಾವಾಗಿಯೇ ಬೊಗಸೆಯಾದವು, ಮೇಲಿಂದ ಸುರಿಯಲೆಂದು. ಅವಾ ತಲೆಯಲ್ಲಾಡಿಸಿ ಬುರುಡೆಯನ್ನೇ ಅವರ ಕೈಗಿಟ್ಟಳು.

"ನಮ್ಮ ಆಯಿ ತನ್ನೂರಾಗ ಬಾವಿ ಮುಟ್ಟಂಗಿರ್ಲಿಲ್ರಿ. ಯಾರರ ಸೇದಿ ಹಾಕ್ಲಿ ಅಂತ ಕಟ್ಟಿ ಕೆಳಗ ಕುಂದರ್ತಿದ್ಳು. ಬೊಗಸಿ ಒಡ್ಡೋದು ಆಕಿನ್ನ ನೋಡೇ ಕಲ್ತದ್ದು. ಅವತ್ತು ಇಡೀ ಊರು ನಿಂತಿತ್ತು, ಮೊದಲು ಕುಡ್ದಂವ ನಾ."

ಮುಂದೆ ಆ ಸೀಮೆಯಲ್ಲಿ ಉಗ್ರರ ಬಂದೂಕಿನ ಸದ್ದು ಹೆಚ್ಚಿ, ಬೋರ್‌ವೆಲ್ ಕೆಲಸದ ಕ್ಯಾಂಪ್ ಮುಚ್ಚಿತು. ಧಮ್ಮಪಾಲ ಊರಿಗೆ ಮರಳಿದರು. ಅವಾಳ ಸುದ್ದಿಯಿಲ್ಲ.

ಬಿಸಿಲೇರುತ್ತದೆ, ಕೊಡಗಳು ತುಂಬಿ ಹೋಗುತ್ತವೆ. ಮತ್ತೇನು ಆಸೆ ಎಂದು ಕೇಳಿದರೆ ಧಮ್ಮಪಾಲ ಒದ್ದೆ ಕೈ ಒರೆಸಿಕೊಳ್ಳುತ್ತಾರೆ.

"ಒಂದ್ಸಲ ಅಲ್ಲಿಗಿ ಹೋಗ್ಬೇಕ್ರಿ. ಪಂಪ ನಾ ಹೊಡಿತೇನಿ, ಮೊದಲು ಆಕಿ ಕುಡೀಲಿ."