ಅಂಗಿಯಂಚಿನ ಅರಿಶಿನ

ಅವಲಪಲ್ಲಿಯ ನಾಗವೇಣಿಗೆ ಕುದುರೆ ರೇಸು ಅಂದರೆ ಬಟ್ಟೆ. ಬೇರೆಯವರಿಗೆ ಓಟ, ಗೆಲುವು, ಸೋಲು ನೆನಪಾದರೆ ಇವಳಿಗೆ ನೆನಪಾಗುತ್ತಿದ್ದುದು ಕೈಯಿಂದ ಜಾರಿಕೊಳ್ಳುವ ಸ್ಯಾಟಿನ್ನು, ಎಷ್ಟು ಗುಂಡುಸೂಜಿ ಚುಚ್ಚಿದರೂ ನೆಟ್ಟಗೆ ಕೂರದ ತೋಳಿನ ಪಟ್ಟಿ. ಹೊಸೂರಿನ ಅಂಚಿನ ಆ ಪುಟ್ಟ ಮನೆಯಲ್ಲಿ ಕಿಟಕಿಯ ಪಕ್ಕ ಮಷೀನು ಹಾಕಿಕೊಂಡು ಅವಳು ವರ್ಷಗಟ್ಟಲೆ ಬೆಂಗಳೂರಿನ ಜಾಕಿಗಳಿಗೆ ಅಂಗಿ ಹೊಲಿದಳು. ಹಳದಿ ಮೈಗೆ ನೀಲಿ ತೋಳು, ಹಸಿರು ಮೈಗೆ ಬಿಳಿ ನಕ್ಷತ್ರ, ನೇರಳೆಗೆ ಗುಲಾಬಿ ಬಣ್ಣದ ಚೌಕುಳಿ. ನೋಡಿದವರು ಯಾವ ನಾಟಕದ ಕಂಪನಿಗಮ್ಮಾ ಇವೆಲ್ಲ ಎಂದು ಕೇಳುತ್ತಿದ್ದರು. ಆದರೆ ಆ ಅಂಗಿ ತೊಟ್ಟ ಒಬ್ಬ ಜಾಕಿಯನ್ನಾಗಲಿ, ಅವನು ಕೂರುವ ಕುದುರೆಯನ್ನಾಗಲಿ ಅವಳು ಕಣ್ಣಾರೆ ಕಂಡವಳಲ್ಲ. ಮದುವೆಮನೆಯಲ್ಲಿ ಬೆಳಗಿನಿಂದ ಅಡುಗೆ ಮಾಡಿ, ಹೆಣ್ಣುಗಂಡಿನ ಮುಖ ನೋಡದೆ ಹಿಂಬಾಗಿಲಿಂದ ಹೊರಟುಹೋಗುವವರಿಲ್ಲವೇ, ಹಾಗೆ.

ಹುಟ್ಟಿದ್ದು ರಾಯಕೋಟೆ. ಯುವರಾಜನನ್ನು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಗಂಡ ತನ್ನ ಫ್ಯಾಕ್ಟರಿಯ ಶಿಫ್ಟಿಗೆ ಹೋದರೆ ಇವಳು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅಲ್ಲಿ ಇವಳ ಪಾಲಿಗೆ ಬಂದದ್ದು ಕಾಲರು. ಬರೀ ಕಾಲರು. ತೋಳು ಹೊಲಿಯುವವರು ಬೇರೆ, ಗುಂಡಿ ಹಾಕುವವರು ಬೇರೆ. ಪೂರ್ತಿ ಅಂಗಿ ಹೇಗಿರುತ್ತದೆ ಅನ್ನುವುದೇ ಮರೆತುಹೋಗುವಷ್ಟು ಕಾಲರು ಹೊಲಿದು ಅವಳಿಗೆ ರೋಸಿಹೋಗಿತ್ತು. ಆ ಹೊತ್ತಿಗೆ ಸಿಕ್ಕವನು ಬಾಗಲೂರು ಕಡೆಯ ವೆಂಕಟೇಶಪ್ಪ. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಜಾಕಿಗಳ ಬಟ್ಟೆಬರೆ, ಬೂಟು, ಟೋಪಿ ನೋಡಿಕೊಳ್ಳುವ ಕೆಲಸ ಅವನದು. ಒಮ್ಮೆ ಒಂದು ಅಂಗಿ ತಂದು, "ಇಂಥದ್ದೇ ಒಂದು ಹೊಲ್ದುಕೊಡ್ತೀಯಾ ತಂಗಿ?" ಎಂದು ಕೇಳಿದ. ಕುತ್ತಿಗೆಯಿಂದ ಅಂಚಿನವರೆಗೆ ಒಂದು ಇಡೀ ಅಂಗಿ, ಅದೂ ತನ್ನೊಬ್ಬಳ ಕೈಯಲ್ಲಿ! ಅವತ್ತು ಅವಳು ಹಾಡಿಕೊಂಡು ಹೊಲಿದಳೆಂದು ಅತ್ತೆ ಬೈರಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಈ ಅಂಗಿಗಳ ಕಟ್ಟಳೆಯನ್ನು ವೆಂಕಟೇಶಪ್ಪನೇ ಅವಳಿಗೆ ತಿಳಿಸಿಕೊಟ್ಟ. ಅಂಗಿ ಜಾಕಿಯದಲ್ಲ, ಕುದುರೆಯ ಯಜಮಾನರದು. ಒಬ್ಬೊಬ್ಬ ಯಜಮಾನರಿಗೆ ಒಂದೊಂದು ಬಣ್ಣ, ಒಂದೊಂದು ಗುರುತು. ಅಪ್ಪನಿಂದ ಮಗಳಿಗೆ, ಮಗಳಿಂದ ಮೊಮ್ಮಗನಿಗೆ ಮನೆತನದ ಹೆಸರಿನ ಹಾಗೆ ಅದು ಇಳಿದುಬರುತ್ತದೆ. ಒಪ್ಪಿಕೊಂಡ ಬಣ್ಣದ ಮೇಲೆ ಬೇರೆ ಒಂದು ಚುಕ್ಕೆಯೂ ಇರಬಾರದು.

ಚುಕ್ಕೆಯ ವಿಷಯದಲ್ಲಿ ಮಾತ್ರ ನಾಗವೇಣಿ ಒಂದು ಕಳ್ಳತನ ಇಟ್ಟುಕೊಂಡಿದ್ದಳು. ಅದರ ಹಿಂದೆ ಒಂದು ಕಥೆಯಿದೆ. ಹೊಲಿಯಲು ಶುರುಮಾಡಿದ ಹೊಸತರಲ್ಲಿ ಅವಳ ಕೈಯಿಂದ ಹೋದ ಒಂದು ನೀಲಿ ಅಂಗಿ ಅಳತೆಗೆಂದು ವಾಪಸ್ಸು ಬಂತು. ಎದೆಯ ಮೇಲೆ ಉದ್ದಕ್ಕೆ ಸೀಳಿಹೋಗಿತ್ತು. "ಹರಿದೋಯ್ತು, ಹೊಸದು ಬೇಕು" ಅಂದ ವೆಂಕಟೇಶಪ್ಪ. ನಾಗವೇಣಿ ಅಂಚನ್ನು ಬೆರಳಲ್ಲಿ ಸವರಿ ನೋಡಿದಳು. ಹರಿದ ಬಟ್ಟೆಯ ನೂಲು ಹಾಗಿರುವುದಿಲ್ಲ. ಕೆದಕಿ ಕೇಳಿದ ಮೇಲೆ ಅವನು ನಿಜ ಹೇಳಿದ. ಅದನ್ನು ಕತ್ತರಿಯಲ್ಲಿ ಕತ್ತರಿಸಿದ್ದರು, ಆಸ್ಪತ್ರೆಯಲ್ಲಿ, ಅವಸರದಲ್ಲಿ. ಜಾಕಿ ಕುದುರೆಯಿಂದ ಬಿದ್ದಿದ್ದ, ಜೀವ ಉಳಿದಿತ್ತು. ಯಾರ ಮಗನೋ ಏನೋ ಎಂದು ಅವಳಿಗೆ ಅವತ್ತು ಅನ್ನ ಸೇರಲಿಲ್ಲ. ಹೊಸ ಬಟ್ಟೆ ಉಡುವ ಮೊದಲು ಮೂಲೆಗೆ ಅರಿಶಿನ ಹಚ್ಚುವುದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವುದೇ. ಅಂದಿನಿಂದ ಅವಳು ಪ್ರತಿ ಅಂಗಿಯನ್ನೂ ಚೀಲಕ್ಕೆ ಹಾಕುವ ಮುಂಚೆ ಕೆಳಗಿನ ಅಂಚನ್ನು ಮಗುಚಿ, ಒಳಗಡೆ, ಯಾರ ಕಣ್ಣಿಗೂ ಬೀಳದ ಹಾಗೆ ಸಾಸಿವೆಯಷ್ಟು ಅರಿಶಿನ ಇಡತೊಡಗಿದಳು. ವೆಂಕಟೇಶಪ್ಪನಿಗೂ ಹೇಳಲಿಲ್ಲ.

ಈ ವರ್ಷದ ಚಳಿಗಾಲದಲ್ಲಿ ಬಂದದ್ದು ಪದ್ಮಶ್ರೀ ಅನ್ನುವ ಹಿರಿಯ ಹೆಂಗಸಿನ ಅಂಗಿ. ಅಪ್ಪಟ ಬಿಳಿ, ತೋಳಿಗೆ ಕೆಂಪು ಪಟ್ಟಿ, ಕೆಂಪು ಟೋಪಿ. ಅವರ ಹೆಣ್ಣುಕುದುರೆಯ ಹೆಸರು 'ಸೆಕೆಂಡ್ ಕಾಫಿ'. ಡಾಕ್ಟರು ದಿನಕ್ಕೆ ಒಂದೇ ಕಾಫಿ ಅಂದದ್ದಕ್ಕೆ ಸಿಟ್ಟಿನಿಂದ ಇಟ್ಟ ಹೆಸರಂತೆ. ಹಳೆಯ ಅಂಗಿಯ ಭುಜ ಕಿತ್ತುಹೋಗಿ, ಭಾನುವಾರದ ದೊಡ್ಡ ರೇಸಿಗೆ ಹೊಸದೇ ಬೇಕಾಗಿತ್ತು. ನಾಗವೇಣಿ ಹೊಲಿದು ಮುಗಿಸಿ, ಶನಿವಾರ ರಾಯಕೋಟೆಯಲ್ಲಿ ನಂಟರ ಮದುವೆಗೆ ಹೊರಟಳು. ವೆಂಕಟೇಶಪ್ಪ ಬಂದರೆ ಚೀಲ ಕೊಡಿ ಎಂದು ಅತ್ತೆಗೆ ಹೇಳಿದಳು. ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ಅರಿಶಿನ ಇಡುವುದನ್ನೇ ಮರೆತಳು.

ರಾತ್ರಿಯೇ ಮನೆಗೆ ಮರಳಿದ್ದಳು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದಾಗ ಫೋನು ಹೊಡೆದುಕೊಳ್ಳುತ್ತಿತ್ತು.

"ತಂಗಿ, ಏನಮ್ಮಾ ಇದು ಗಾಚಾರ! ಅಂಗಿ ಎದೆ ಮ್ಯಾಲೆ ಅರಿಶಿನದ ಕಲೆ ಐತೆ. ಹೋಗ್ತದೆ ಅಂತ ಸೋಪ್ ಹಾಕಿ ಉಜ್ದೆ. ಕೆಂಪಾಗ್ಬುಡ್ತು! ಬಿಳೀ ಬಟ್ಟೆ ಮ್ಯಾಲೆ ನೆತ್ರ ಸುರ್ದಂಗೆ ಕಾಣ್ತದೆ" ಅಂದ ವೆಂಕಟೇಶಪ್ಪ. "ಇಂಥ ಅಂಗೀನ ಯಾರೂ ಒಪ್ಪಲ್ಲ. ಇನ್ಮ್ಯಾಕೆ ನಿನ್ ಹತ್ರ ಬಟ್ಟೆ ತರಕ್ಕೆ ನಂಗೆ ಬಾಯೇ ಇರಲ್ಲ."

ನಾಗವೇಣಿ ಅತ್ತೆಯ ಕಡೆ ತಿರುಗಿದಳು. ಬೈರಮ್ಮ ಏನೂ ಆಗೇ ಇಲ್ಲವೆಂಬ ಹಾಗೆ ಅವರೆಕಾಯಿ ಸುಲಿಯುತ್ತಿದ್ದಳು.

"ಹೂಂ, ನಾನೇ ಇಟ್ಟೆ. ನೀನು ಮರ್ತೋಗಿದ್ದೆ ಕಣೆ ನಾಗು. ದಿನಾ ಇಡೋದು ನಾನು ನೋಡಿಲ್ವಾ?"

"ಅಯ್ಯೋ ಅತ್ತೆ, ಅದನ್ನ ಒಳಗಡೆ ಅಂಚಿಗೆ ಇಡ್ತೀನಿ!"

"ಒಳಗಿಟ್ರೆ ದೇವ್ರಿಗೆ ಹೆಂಗೆ ಕಾಣ್ತದೆ?" ಅಂದಳು ಬೈರಮ್ಮ.

ನಾಗವೇಣಿ ಸೂಜಿ, ದಾರ, ಉಳಿದ ಬಿಳಿ ಸ್ಯಾಟಿನ್ನಿನ ತುಂಡು ಚೀಲಕ್ಕೆ ತುರುಕಿಕೊಂಡು ಬೆಂಗಳೂರಿನ ಬಸ್ಸು ಹತ್ತಿದಳು. ಮತ್ತೆ ಗಾರ್ಮೆಂಟ್ಸಿಗೆ ಹೋಗಿ ಬರೀ ಕಾಲರು ಹೊಲಿಯಬೇಕಾದೀತು ಅನ್ನುವ ಭಯ ದಾರಿಯುದ್ದಕ್ಕೂ ಅವಳನ್ನು ಬಿಡಲಿಲ್ಲ.

ರೇಸ್ ಕೋರ್ಸಿನ ಹಿಂದಿನ ಗೇಟಿನಲ್ಲಿ ವೆಂಕಟೇಶಪ್ಪ ಕಾದಿದ್ದ. ಅಂಗಿಯನ್ನು ಬಿಡಿಸಿ ತೋರಿಸಿದ. ಎದೆಯ ನಟ್ಟನಡುವೆ ರೂಪಾಯಿಯಗಲ ಕೆಂಪು. "ಅರಿಶಿನಕ್ಕೆ ಯಾರಾದ್ರೂ ಸೋಪು ಹಾಕ್ತಾರಾ ಅಣ್ಣಾ!" ಎಂದು ಅವಳು ಗದರಿದಳು. ಆಮೇಲೆ ಮೂಗಿಗೆ ನಿಂಬೆಯ ವಾಸನೆ ಬಡಿದು ಸುತ್ತ ನೋಡಿದಳು. ತಿಂಡಿಯ ಅಂಗಡಿಗಳ ಸಾಲು. ಒಂದು ಕಡೆ ಬಾಣಲೆಯಲ್ಲಿ ಕಟ್ಲೆಟ್ಟು ಚುಂಯ್ ಅನ್ನುತ್ತಿದೆ, ಇನ್ನೊಂದು ಕಡೆ ಬಿರಿಯಾನಿಯ ಹಂಡೆ ಮುಚ್ಚಳ ತೆಗೆದಿದೆ, ಮೂಲೆಯಲ್ಲಿ ನಿಂಬೆ ಸೋಡಾ. "ಒಂದು ನಿಂಬೆಹಣ್ಣು ತನ್ನಿ" ಅಂದಳು.

ನಿಂಬೆರಸ ಬೀಳುತ್ತಿದ್ದ ಹಾಗೆ ಕೆಂಪು ಹೋಗಿ ಮತ್ತೆ ಹಳದಿಗೆ ತಿರುಗಿತು. ವೆಂಕಟೇಶಪ್ಪ ಬಾಯಿಬಿಟ್ಟುಕೊಂಡು ನೋಡಿದ. ಇನ್ನು ಹಳದಿಯನ್ನು ಓಡಿಸುವ ಕೆಲಸ ಸೂರ್ಯನದು, ಬಿಸಿಲಿನ ಮುಂದೆ ಅರಿಶಿನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಂಗಿಯನ್ನು ನೀರಿನಲ್ಲಿ ಜಾಲಿಸಿ, ಜಾಕಿಗಳ ಕೋಣೆಯ ಹಿಂದೆ ದಾಸವಾಳದ ಬೇಲಿಯ ಮೇಲೆ ಎದೆ ಮೇಲಾಗಿ ಹರವಿದಳು. ಪದ್ಮಶ್ರೀಯವರ ಕುದುರೆಯ ಸರದಿ ಮಧ್ಯಾಹ್ನದ ಮೇಲೆ. ಅಲ್ಲಿಯವರೆಗೆ ಕಾಯಬೇಕಿತ್ತು.

ಕಾಯುತ್ತ ನಿಂತವಳು ತಲೆಯೆತ್ತಿದಳು, ಕುದುರೆಗಳು ಬಂದವು.

ಇಂಥದ್ದು ಇರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಟೀವಿಯಲ್ಲಿ ನೋಡಿದ್ದೇ ಬೇರೆ, ಕೈಯಳತೆಯಲ್ಲಿ ಹಾದುಹೋಗುವುದೇ ಬೇರೆ. ಅವುಗಳ ಮೈ ಆಗತಾನೆ ಅಚ್ಚಿನಿಂದ ತೆಗೆದ ಬೆಲ್ಲದ ಹಾಗೆ ಹೊಳೆಯುತ್ತಿತ್ತು. ಚರ್ಮದ ಕೆಳಗೆ ನರಗಳು ಮಿಸುಕುತ್ತಿದ್ದವು. ಇಷ್ಟು ದೊಡ್ಡ ಜೀವ, ಇಷ್ಟು ತೆಳ್ಳನೆಯ ಕಾಲು! ಒಂದು ಕುದುರೆ ಅವಳ ಮುಂದೆ ನಿಂತು, ಮೂಗಿನ ಹೊಳ್ಳೆ ಅರಳಿಸಿ, ಕಪ್ಪು ಕಣ್ಣಿನಲ್ಲಿ ಅವಳನ್ನೇ ನೋಡಿತು. ನಾಗವೇಣಿ ತನಗೆ ತಿಳಿಯದೆಯೇ ಕೈ ಮುಗಿದಳು. ಕುದುರೆ ಹಿಡಿದವನು ನಗಲಿಲ್ಲ, ಅವನಿಗೆ ಇದು ಹೊಸದಲ್ಲವೇನೋ.

ಬೇಲಿಯ ಆಚೆ ಹಸಿರು ಹುಲ್ಲಿನ ಮೇಲೆ ಯಜಮಾನರುಗಳ ಸಂಭ್ರಮ. ಗಂಡಸರೆಲ್ಲ ಕೋಟು ಹಾಕಿ ಬೆವರುತ್ತಿದ್ದರು. ಹೆಂಗಸರ ತಲೆಯ ಮೇಲೆ ಎಂತೆಂಥ ಟೋಪಿಗಳು! ಮೊರದಗಲದ್ದು ಒಂದು, ನವಿಲುಗರಿ ಚುಚ್ಚಿದ್ದು ಇನ್ನೊಂದು, ಬಲೆ ಇಳಿಬಿಟ್ಟದ್ದು ಮತ್ತೊಂದು. ಗಾಳಿಗೆ ಹಾರೀತೆಂದು ಎಲ್ಲರ ಒಂದು ಕೈ ತಲೆಯ ಮೇಲೇ ಇತ್ತು. ಒಬ್ಬ ಮುದುಕಿಯ ಟೋಪಿಗೆ ಕೆಂಪು ಗುಲಾಬಿ ಸಿಕ್ಕಿಸಿತ್ತು. ಅದು ನಮ್ಮ ಬಾಗಲೂರು ಕಡೆಯ ತೋಟದ್ದೇ, ಆ ದಪ್ಪ ಮೊಗ್ಗು ಇನ್ನೆಲ್ಲಿಯದು ಎಂದು ನಾಗವೇಣಿಗೆ ಅನ್ನಿಸಿ ಹೆಮ್ಮೆಯಾಯಿತು. "ಅವರೇ ಪದ್ಮಶ್ರೀ ಅಮ್ಮೋರು" ಅಂದ ವೆಂಕಟೇಶಪ್ಪ. ಮುದುಕಿಯ ಕೈಯಲ್ಲಿ ಕಾಫಿ ಲೋಟ ಇತ್ತು. ಎಷ್ಟನೆಯದೋ.

ಮೊದಲ ರೇಸು ಅವಳ ಕಿವಿಗೆ ಬರುವ ಮೊದಲು ಪಾದಕ್ಕೆ ಬಂತು. ನೆಲ ಗುಡುಗಿತು, ಅದು ಕಾಲಿನಿಂದ ಹತ್ತಿ ಎದೆಗೆ ಬಂತು. ಬಣ್ಣಗಳು ಒಂದರ ಮೇಲೊಂದು ಬಿದ್ದು ಹಾರಿಹೋದವು. ಅದರಲ್ಲಿ ಹಸಿರು ಮೈಯ ಬಿಳಿ ನಕ್ಷತ್ರ ತನ್ನದೆಂದು ಗೊತ್ತಾದಾಗ ಅವಳಿಗೆ ಕಣ್ಣೀರು ಬಂತು. ಮಷೀನಿನ ಮೇಲೆ ಸತ್ತ ಹಾಗೆ ಬಿದ್ದಿರುತ್ತಿದ್ದ ಬಟ್ಟೆ ಇದೇನಾ? ಗಾಳಿ ತುಂಬಿಕೊಂಡು, ಜೀವ ತುಂಬಿಕೊಂಡು ಓಡುತ್ತಿತ್ತು.

ಅಷ್ಟರಲ್ಲಿ ಬೇಲಿಯ ಮೇಲಿನ ಅಂಗಿ ಒಣಗಿತ್ತು, ಕಲೆ ಹೇಳಹೆಸರಿಲ್ಲದೆ ಮಾಯವಾಗಿತ್ತು. ನಾಗವೇಣಿ ನಿಟ್ಟುಸಿರು ಬಿಟ್ಟು ಮಡಿಸುತ್ತಿರುವಾಗ ಜಾಕಿ ಹರಿಕೃಷ್ಣ ಹೊರಗೆ ಬಂದ. ಸಣಕಲು ಮೈ, ಭುಜದ ಮೂಳೆಯ ಹತ್ತಿರ ಉದ್ದನೆಯ ಗಾಯದ ಗುರುತು. ಅಂಗಿ ತೆಗೆದುಕೊಂಡವನೇ ಕೆಳಗಿನ ಅಂಚನ್ನು ಮಗುಚಿದ. ಒಂದು ಸುತ್ತು ಹುಡುಕಿದ. ಮತ್ತೊಂದು ಸುತ್ತು ಹುಡುಕಿದ. ಅವನ ಮುಖ ಇಳಿದುಹೋಯಿತು.

"ಅಣ್ಣಾ, ಇದ್ರಲ್ಲಿ ಚುಕ್ಕೆ ಇಲ್ಲ" ಅಂದ ವೆಂಕಟೇಶಪ್ಪನಿಗೆ.

ನಾಗವೇಣಿ ಮುಂದೆ ಬಂದಳು. "ಯಾವ ಚುಕ್ಕೆ?"

"ನೀವೇನಾ ಅಕ್ಕ ಹೊಲಿಯೋರು?" ಅವನು ಅವಳನ್ನು ದಿಟ್ಟಿಸಿ ನೋಡಿದ. "ಒಂದ್ಸಲ ನೀಲಿ ಅಂಗೀಲಿ ಬಿದ್ದಿದ್ದೆ ನಾನು. ಗುಣವಾಗಿ ಬಂದ್ಮೇಲೆ ಕೊಟ್ಟ ಹೊಸ ಅಂಗಿ ಅಂಚಲ್ಲಿ ಅರಿಶಿನ ಇತ್ತು. ನಮ್ಮಮ್ಮನೂ ಹಂಗೇ ಇಡ್ತಿದ್ಲು, ಈಗಿಲ್ಲ. ಅವತ್ತಿಂದ ನಾವು ಹುಡುಗ್ರೆಲ್ಲ ಹೊಸ ಅಂಗಿ ಬಂದ್ರೆ ಮೊದ್ಲು ಅದನ್ನೇ ನೋಡೋದು. ಇವತ್ತು ಯಾಕೆ ಇಟ್ಟಿಲ್ಲ ಅಕ್ಕ?"

ಕತ್ತರಿಸಿದ ಆ ಅಂಗಿಯೊಳಗಿದ್ದ ಮೈ ಇದು. ಇಷ್ಟು ವರ್ಷ ಯಾರ ಮಗನೋ ಅಂದುಕೊಂಡವನು ಎದುರಿಗೇ ನಿಂತು ಕೇಳುತ್ತಿದ್ದಾನೆ. ಅತ್ತೆ ಇಟ್ಟಿದ್ದ ಒಂದೇ ಒಂದು ಚುಕ್ಕೆಯನ್ನು ತಾನು ಬೆಳಗಿನಿಂದ ಬಿಸಿಲಲ್ಲಿ ನಿಂತು ಅಳಿಸಿದ್ದಾಳೆ! ಗಂಟೆ ಹೊಡೆಯಿತು. ರೇಸಿಗೆ ಮುಂಚೆ ಜಾಕಿಗಳು ಅಂಗಿ ತೊಟ್ಟು ತೂಕ ನೋಡಿಸಿಕೊಳ್ಳಲು ಹೋಗುವ ಹೊತ್ತು. ಇಷ್ಟು ದೊಡ್ಡ ಜಾಗದಲ್ಲಿ ಅರಿಶಿನ ಎಲ್ಲಿಂದ ತರುವುದು? ಬಿರಿಯಾನಿ ಅಂಗಡಿಗೆ ಓಡಲು ವೆಂಕಟೇಶಪ್ಪ ಹೊರಟ. "ಬ್ಯಾಡ, ತಡೀರಿ" ಅಂದಳು ನಾಗವೇಣಿ.

ಗೋಡೆಯ ಕಡೆಗೆ ತಿರುಗಿ, ರವಿಕೆಯೊಳಗಿನಿಂದ ತಾಳಿಯ ದಾರ ಹೊರಗೆಳೆದಳು. ಬೆಳಿಗ್ಗೆ ಸ್ನಾನ ಮಾಡುವಾಗ ತೇಯ್ದು ಹಚ್ಚಿದ ಅರಿಶಿನ ಅದರಲ್ಲಿ ಬೆವರಿಗೆ ಇನ್ನೂ ಹಸಿಯಾಗಿತ್ತು. ಒದ್ದೆ ಬೆರಳಲ್ಲಿ ದಾರವನ್ನು ಒತ್ತಿ ಹಿಂಡಿದಳು. ಬೆರಳ ತುದಿ ಹಳದಿಯಾಯಿತು. ಅಂಗಿಯ ಅಂಚನ್ನು ಮಗುಚಿ, ಒಳಗಡೆ, ಸಾಸಿವೆಯಷ್ಟು ಇಟ್ಟಳು. ಹರಿಕೃಷ್ಣ ಅಂಗಿಯನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದ.

ರೇಸು ಶುರುವಾದಾಗ ಅವಳು ಕಟಕಟೆ ಹಿಡಿದು ನಿಂತಿದ್ದಳು. ಸುತ್ತ ಸಾವಿರ ಗಂಟಲು ಸಾವಿರ ಕುದುರೆಯ ಹೆಸರು ಕೂಗುತ್ತಿದ್ದರೆ ಇವಳು ಬಿಳಿ ಅಂಗಿಯೊಂದನ್ನೇ ಹುಡುಕುತ್ತಿದ್ದಳು. ತಿರುವಿನಲ್ಲಿ ಕುದುರೆಗಳು ಒಂದರ ಮೈಗೊಂದು ತಾಗಿಕೊಂಡು ಬಂದವು. ಕೆಂಪು ಟೋಪಿ ಒಮ್ಮೆ ಮುಗ್ಗರಿಸಿದ ಹಾಗಾಯಿತು. ನಾಗವೇಣಿ ತಾಳಿ ಹಿಡಿದುಕೊಂಡಳು. ಟೋಪಿ ಮತ್ತೆ ಮೇಲೆದ್ದಿತು. ಬಿಳಿ ಅಂಗಿ ಗಾಳಿಯಲ್ಲಿ ಪಟಪಟನೆ ಹೊಡೆದುಕೊಳ್ಳುತ್ತ, ಕೆಂಪು ಪಟ್ಟಿಯ ತೋಳು ಮುಂದಕ್ಕೆ ಚಾಚಿ, ಅವಳ ಮುಂದೆಯೇ ಹಾರಿಹೋಯಿತು. ಇದಕ್ಕಿಂತ ಚೆಂದದ್ದನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲ ಎಂದು ಅವಳಿಗೆ ಅನ್ನಿಸಿತು.

ಕುದುರೆಯ ಮೇಲೆಯೇ ಕೂತು ಮರಳಿ ಬಂದ ಹರಿಕೃಷ್ಣ, ಅಲ್ಲಿಯ ಪದ್ಧತಿಯಂತೆ ಪದ್ಮಶ್ರೀಯವರಿಗೆ ಟೋಪಿ ಮುಟ್ಟಿ ವಂದಿಸಿದ. ಮುದುಕಿ ಕುದುರೆಯ ಹಣೆಗೆ ಹಣೆ ಕೊಟ್ಟಳು. ಟೋಪಿಯ ಗುಲಾಬಿ ಜಾರಿ ಬಿತ್ತು, 'ಸೆಕೆಂಡ್ ಕಾಫಿ' ಅದನ್ನು ತಿಂದುಬಿಟ್ಟಿತು. ಎಲ್ಲರೂ ನಗುತ್ತಿರುವಾಗ ಹರಿಕೃಷ್ಣ ಜನರ ನಡುವೆ ಹುಡುಕಿ ನಾಗವೇಣಿಯನ್ನು ನೋಡಿ, ಮಣ್ಣಾದ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದ.

ಸಂಜೆ ಅವಲಪಲ್ಲಿಯ ಮನೆಯ ಬಾಗಿಲಲ್ಲಿ ಬೈರಮ್ಮ ಕಾದು ಕೂತಿದ್ದಳು.

"ಏನಾಯ್ತೇ ನಾಗು? ಗೆದ್ನಾ?"

ಕುದುರೆ ಎಷ್ಟನೆಯದಾಗಿ ಬಂತೆಂದು ಕೇಳುವುದೇ ನಾಗವೇಣಿಗೆ ಮರೆತುಹೋಗಿತ್ತು. ಚಪ್ಪಲಿ ಬಿಟ್ಟು ಅತ್ತೆಯ ಪಕ್ಕ ಕೂತಳು.

"ಕುದುರೆ ಮ್ಯಾಲೆ ಕೂತ್ಕಂಡೇ ವಾಪಸ್ ಬಂದ ಅತ್ತೆ."

ಬೈರಮ್ಮ ತಲೆದೂಗಿದಳು. "ಮತ್ತೆ? ಎದೆ ಮ್ಯಾಲೆ ಇಟ್ಟಿದ್ನಲ್ಲ, ದೇವ್ರಿಗೆ ಕಾಣಂಗೆ. ಅದಕ್ಕೇಯಾ."

ನಾಗವೇಣಿ ಇನ್ನೂ ಹಳದಿಯಿದ್ದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಹೂಂ ಅತ್ತೆ, ಅದಕ್ಕೇ" ಅಂದಳು.