ಒಂದೇ ಎಳೆತದ ಗಂಟು

ಕಳೆದ ವಾರ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದಿಂದ ಒಂದು ಚರ್ಮದ ಚೀಲ ಕೆಳಗೆ ಬಂತು. ಬಣ್ಣ ಮಾಸಿತ್ತು, ಒಂದು ಮೂಲೆಯನ್ನು ಇಲಿ ತಿಂದಿತ್ತು. ಕೊಂಡಿ ಮುರಿದದ್ದರಿಂದ ಬಾಯಿಗೆ ತೆಂಗಿನ ನಾರಿನ ಹಗ್ಗ ಕಟ್ಟಿತ್ತು. ಮೂಗಿನ ಹತ್ತಿರ ಹಿಡಿದು ನೋಡಿದೆ. ಪೆಟ್ರೋಲಿನ ವಾಸನೆ ಎಂದೋ ಆರಿಹೋಗಿತ್ತು, ಹಗ್ಗದಲ್ಲಿ ಮಾತ್ರ ಮೀನೆಣ್ಣೆಯ ವಾಸನೆ ಇನ್ನೂ ಇತ್ತು. ದೋಣಿಯ ಮರ ಕೊಳೆಯದಿರಲೆಂದು ಹಚ್ಚುವ ಎಣ್ಣೆ, ಒಮ್ಮೆ ತಾಗಿದರೆ ಜನ್ಮಕ್ಕೆ ಬಿಡುವುದಿಲ್ಲ. ಸುಣ್ಣದವನು ಬಿಸಾಡುವುದಾ ಎಂದು ಕೇಳಿದ. ಬೇಡವೆಂದು ಹೇಳಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತೆ.

ಆ ಹಗ್ಗ ಕಟ್ಟಿದವರು ಕೂಳೂರಿನ ಕಡವಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ ಬ್ಯಾರಿ, ನಮ್ಮ ಕರಾವಳಿಯ ಮುಸಲ್ಮಾನರು. ಊರೆಲ್ಲ ಅವರನ್ನು ಕಡವಿನ ಕಾಕ ಎನ್ನುತ್ತಿತ್ತು. ತೆಳ್ಳಗಿನ ಆಳು, ತಲೆಗೊಂದು ಮುಂಡಾಸು, ಸೊಂಟದ ಪಟ್ಟಿಯಲ್ಲಿ ಸಣ್ಣ ಚೂರಿ. ಮಾತು ಕಡಿಮೆ, ಆದರೆ ಆಡಿದ ಮಾತಿಗೆಲ್ಲ ಸ್ವಲ್ಪ ಉಪ್ಪು ಖಾರ ಇರುತ್ತಿತ್ತು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ಇಳಿಸುವಾಗ ಆ ಖಾರ ಅರ್ಧ ಹೋಗಿರುತ್ತದೆ, ಏನು ಮಾಡುವುದು...

ಇದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಬೋಳಾರದ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ನಾನು ರೈಟರ್, ಅಂದರೆ ಗುಮಾಸ್ತ. ಹಂಚಿಗೆ ಗಿರಾಕಿ ಹುಡುಕಿಕೊಂಡು ಊರೂರು ತಿರುಗುವುದೂ ನನ್ನದೇ ಕೆಲಸ. ಮಣ್ಣಗುಡ್ಡದಲ್ಲಿ ಅಮ್ಮ ಮತ್ತು ಸೋದರಮಾವನ ಜೊತೆ ನನ್ನ ವಾಸ. ಹೆಂಡತಿ ಇದ್ದದ್ದು ಮೂಲ್ಕಿಯಲ್ಲಿ, ಅವಳ ತಾಯಿಮನೆಯಲ್ಲಿ. ನಮ್ಮವರ ಕಟ್ಟಿನಂತೆ ಹೆಣ್ಣು ತನ್ನ ತಾಯಿಯ ಮನೆ ಬಿಟ್ಟು ಬರುವುದಿಲ್ಲ, ಗಂಡನೇ ಹೋಗಿ ಬರಬೇಕು. ಶನಿವಾರ ಮಧ್ಯಾಹ್ನ ಕಾರ್ಖಾನೆಯಿಂದ ಹೊರಟು ಕೂಳೂರಿಗೆ ಒಂದು ಬಸ್ಸು, ಅಲ್ಲಿ ದೋಣಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು, ಪಾವಂಜೆಯಲ್ಲಿ ಮತ್ತೊಂದು ಹೊಳೆ. ಆಚೆಯ ಬಸ್ಸು ನಮಗಾಗಿ ಕಾದರೆ ಪುಣ್ಯ. ಕಾಯದಿದ್ದರೆ ನಡೆದುಕೊಂಡೇ ಹೋಗಬೇಕು.

ನನ್ನ ಮಗಳಿಗೆ ಆಗ ಮೂರು ವರ್ಷ. ಒಂದು ಸಂಜೆ ನಾನು ಅಂಗಳಕ್ಕೆ ಕಾಲಿಡುವಾಗ ಅವಳು ಒಳಗೆ ಓಡಿ, "ಅಮ್ಮಾ, ಶನಿವಾರದವರು ಬಂದರು" ಎಂದು ಹೇಳಿದಳು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಕಾಲು ತೊಳೆಯಲು ಬಾವಿಕಟ್ಟೆಗೆ ಹೋದವನು ತುಂಬ ಹೊತ್ತು ಅಲ್ಲಿಯೇ ನಿಂತಿದ್ದೆ. ಮೀನಿನವಳು ಬುಧವಾರದವಳು, ಬಳೆಗಾರ ತಿಂಗಳಿಗೊಮ್ಮೆಯವನು, ನಾನು ಶನಿವಾರದವರು.

ಅದೇ ದಿನಗಳಲ್ಲಿ ನಮ್ಮ ಕಾರ್ಖಾನೆಯ ಇಂಜಿನಿಯರ್ ದೊರೆ ತನ್ನ ದೇಶಕ್ಕೆ ಹಿಂತಿರುಗುವವನಿದ್ದ. ಅವನ ಮೋಟಾರ್ ಸೈಕಲ್ಲು ಮಾರಾಟಕ್ಕಿತ್ತು. ದೂರ ಪ್ರಯಾಣಕ್ಕೆಂದೇ ಮಾಡಿದ ಗಾಡಿ. ಅಗಲದ ಸೀಟು, ಎರಡು ಬದಿಗೆ ಚರ್ಮದ ಚೀಲ, ಎಮ್ಮೆಯಷ್ಟು ಭಾರ. ಕಾರ್ಖಾನೆಯ ಬಯಲಲ್ಲಿ ಅವನೇ ನನಗೆ ಬಿಡಲು ಕಲಿಸಿದ. ನಾನು ಹೊರಡುವ ತನಕ ಓಡಿಸಿ ನೋಡು, ಬೇಕಿದ್ದರೆ ಇಟ್ಟುಕೊ, ಬೇಡದಿದ್ದರೆ ವಾಪಸು ತಾ ಎಂದ. ಅದಿದ್ದರೆ ಮಣ್ಣಗುಡ್ಡದಿಂದ ಬೋಳಾರಕ್ಕೆ ದಿನಾ ಬೆವರು ಸುರಿಸುವುದು ತಪ್ಪುತ್ತಿತ್ತು, ಹಂಚಿನ ಗಿರಾಕಿಗಳನ್ನು ಕಾರ್ಕಳದವರೆಗೂ ಹುಡುಕಬಹುದಿತ್ತು. ಇದನ್ನೆಲ್ಲ ನಾನು ಊರಿಗೆ ಹೇಳಿಕೊಂಡೆ. ಬುಧವಾರವೂ ಮೂಲ್ಕಿಗೆ ಹೋಗಬಹುದು ಎನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಊರೆಂದ ಮೇಲೆ ಬುದ್ಧಿ ಹೇಳುವವರಿಗೆ ಬರವೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಮಾವ. ಹಿಂದಿನಿಂದ ಯಾರಾದರೂ ಕರೆದರೆ ಅದರ ಸದ್ದಿಗೆ ಕೇಳುವುದಾದರೂ ಹೇಗೆ ಎಂಬುದು ಅಮ್ಮನ ಚಿಂತೆ. ಹೊಳೆಗಳಿರುವ ಊರಲ್ಲಿ ಈ ಗಾಡಿ ಕಟ್ಟಿಕೊಂಡು ಏನು ಮಾಡುತ್ತೀಯ ಎಂದು ಕಾರ್ಖಾನೆಯಲ್ಲಿ ನಕ್ಕರು. ಆ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಒಬ್ಬರೇ. ಒಂದು ಶನಿವಾರ ದೋಣಿಯಲ್ಲಿ ಕೂತು ಕಾಕನನ್ನು ಕೇಳಿದೆ. ಬುಧವಾರದ ಮಾತೂ ಅಂದೇ ಬಾಯಿಂದ ಜಾರಿತು. ಅವರು ಬಿದಿರ ಗಳ ಊರುತ್ತಾ ಎಲ್ಲ ಕೇಳಿಸಿಕೊಂಡರು. ದಡ ಮುಟ್ಟಿದ ಮೇಲೆ, ತಂದು ಒಮ್ಮೆ ದಾಟಿಸಿ ನೋಡಿ, ಆಮೇಲೆ ತಗೊಳ್ಳುವುದಾ ಬಿಡುವುದಾ ಅಂತ ಹೊಳೆಯೇ ಹೇಳ್ತದೆ ಎಂದರು.

ಮುಂದಿನ ಶನಿವಾರ ಗಾಡಿಯೊಂದಿಗೆ ಕಡವಿಗೆ ಹೋದೆ. ಕಾರು ದಾಟಿಸಲು ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಇತ್ತು, ಆದರೆ ಅದು ತುಂಬದೆ ಹೊರಡುತ್ತಿರಲಿಲ್ಲ. ಕಾಕ ತಮ್ಮ ದೋಣಿಗೇ ಹಲಗೆ ಇಟ್ಟು ಗಾಡಿ ಹತ್ತಿಸಿದರು. ಪೆಟ್ರೋಲಿನ ವಾಸನೆಗೆ ಮೂಗು ಮುಚ್ಚಿ, ನಿಮ್ಮ ಕುದುರೆಯ ಮೂತ್ರ ಜೋರು ನಾರ್ತದೆ ರೈಟ್ರೇ ಎಂದು ಚೇಷ್ಟೆ ಮಾಡಿದರು. ಆಮೇಲೆ ನಾರಿನ ಹಗ್ಗದಿಂದ ಗಾಡಿಯನ್ನು ದೋಣಿಯ ಅಡ್ಡಹಲಗೆಗೆ ಕಟ್ಟಿದರು. ಕಟ್ಟಿದ್ದೆಂದರೆ ಒಂದು ಸಡಿಲು ಗಂಟು, ತುದಿ ಹೊರಗೆ ನೇತಾಡುತ್ತಿತ್ತು. ಇಷ್ಟು ಸಾಕಾ ಎಂದು ಕೇಳಿದೆ.

"ಎಮ್ಮೆಗೂ ಇದೇ ಗಂಟು" ಎಂದರು ಕಾಕ. "ದೋಣಿಗೆ ಯಾವುದನ್ನೂ ಬಿಗಿದು ಕಟ್ಟಬಾರದು. ಒಂದೇ ಎಳೆತಕ್ಕೆ ಬಿಚ್ಚಬೇಕು. ಮುಳುಗುವುದಾದರೆ ಅದೊಂದೇ ಮುಳುಗಲಿ."

ಹಂಚಿನ ಕಾರ್ಖಾನೆಯವನಿಗೆ ಈ ಮಾತು ಹೇಗೆ ಒಗ್ಗೀತು? ನಮ್ಮಲ್ಲಿ ಹೊಸಬನಿಗೆ ಮೊದಲ ದಿನ ಕಲಿಸುವ ಪಾಠವೇ ಬಿಗಿದು ಕಟ್ಟುವುದು. ಒಂದು ಹಂಚು ಅಲುಗಿದರೆ ಪಕ್ಕದ್ದು ಒಡೆಯುತ್ತದೆ, ಹುಲ್ಲು ತುರುಕಿ ಹಗ್ಗ ಜಗ್ಗಿ ಕಟ್ಟಿದ ಹೊರೆ ಬೊಂಬಾಯಿ ಮುಟ್ಟಿದರೂ ಒಂದೂ ಬಿರಿಯುವುದಿಲ್ಲ. ಕಾಕ ಹಿಂಬದಿಗೆ ಹೋಗಿ ಗಳ ಹಿಡಿದಾಗ ನಾನು ಬಗ್ಗಿ, ಅವರ ಗಂಟಿನ ಕೆಳಗೆ ನನ್ನದೊಂದು ಗಂಟು ಹಾಕಿ ಬಿಗಿದೆ. ಬುದ್ಧಿವಂತಿಕೆ ಮಾಡಿದೆನೆಂದೇ ಎಣಿಸಿದ್ದೆ.

ದೋಣಿಯಲ್ಲಿ ನಾವಿಬ್ಬರಲ್ಲದೆ ಖಾಲಿ ಬುಟ್ಟಿ ಹಿಡಿದ ಇಬ್ಬರು ಮೀನಿನ ಹೆಂಗಸರಿದ್ದರು. ನಡುಹೊಳೆಯಲ್ಲಿ ಸರಕಿನ ದೊಡ್ಡ ಹಾಯಿದೋಣಿಯೊಂದು ಪಕ್ಕದಲ್ಲೇ ಹಾದುಹೋಯಿತು. ಅದರ ಅಲೆಗೆ ನಮ್ಮ ದೋಣಿ ಹೊರಳಿತು, ಗಾಡಿಯ ಸ್ಟ್ಯಾಂಡು ಜಾರಿ ಅದು ದೋಣಿಯ ಅಂಚಿನಾಚೆಗೆ ವಾಲಿತು. ಕಾಕ ಬಂದು ಹಗ್ಗದ ತುದಿ ಎಳೆದರು. ಅವರ ಗಂಟು ಬಿಚ್ಚಿತು, ನನ್ನದು ಬಿಚ್ಚಲಿಲ್ಲ. ಗಾಡಿ ಹಗ್ಗಕ್ಕೆ ಜೋತುಬಿದ್ದು ದೋಣಿಯ ಅಂಚನ್ನು ಕೆಳಗೆ ಜಗ್ಗಿತು, ನೀರು ಒಳಗೆ ಬಂತು. ಅವರು ಒಮ್ಮೆ ನನ್ನ ಮುಖ ನೋಡಿದರು. ಆ ನೋಟ... ಬೈಗುಳ ಆಗಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.

ಬಲಗೈಯಲ್ಲಿ ಚೂರಿ ತೆಗೆದು ಹಗ್ಗ ಕೊಯ್ದರು. ಅಲ್ಲಿಗೆ ಬಿಟ್ಟಿದ್ದರೆ ಗಾಡಿ ಹೊಳೆಗೆ ಬಿದ್ದು ದೋಣಿ ಮೇಲೇಳುತ್ತಿತ್ತು. ಅವರು ಬಿಡಲಿಲ್ಲ. ಎಡಗೈಯಿಂದ ಅದನ್ನು ಹಿಡಿದು, ಹೆಗಲು ಕೊಟ್ಟು ಒಳಕ್ಕೆ ಎಳೆದುಕೊಂಡರು. ಅಷ್ಟು ಭಾರವೂ ಅಡ್ಡಹಲಗೆಯ ಮೇಲೆ ಬಿತ್ತು, ಅವರ ಎಡಗೈ ನಡುವೆ ಸಿಕ್ಕಿತು. ಹೆಂಗಸರು ಬುಟ್ಟಿಯಲ್ಲೇ ನೀರು ಮೊಗೆದು ಹೊರಗೆ ಹಾಕಿದರು. ನಾನು ಗಳ ಹಿಡಿದೆ. ದಡ ಹೇಗೆ ಮುಟ್ಟಿದೆವೋ ನನಗೆ ಸರಿಯಾಗಿ ನೆನಪಿಲ್ಲ.

ಗಾಡಿಗೆ ಆದದ್ದು ಒಂದು ಗೀರು. ಕಾಕನ ಕಿರುಬೆರಳು, ಉಂಗುರದ ಬೆರಳು ಎರಡನ್ನೂ ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು. ಕೇಳಿದವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು, ನನ್ನ ಕೈ ಜಾರಿತು ಎಂದು. ನಾನು ಪಕ್ಕದಲ್ಲೇ ನಿಂತು ಅದನ್ನು ಕೇಳಿಸಿಕೊಂಡೆ. ಬಾಯಿ ತೆರೆಯಲಿಲ್ಲ. ಹೇಡಿತನ ಎನ್ನುವುದಕ್ಕೆ ಬೇರೆ ಹೆಸರಿಲ್ಲ.

ದೊರೆ ಹಡಗು ಹತ್ತಲು ಎರಡು ದಿನ ಇರುವಾಗ ಹೊಳೆಬದಿಯ ಕಾಕನ ಮನೆಗೆ ಹೋದೆ. ಕೈಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದರು. ಒಳಗಿನಿಂದ ನನಗೆ ಚಹಾ ಬಂತು. ಗಾಡಿ ತಗೊಳ್ಳುವುದಿಲ್ಲ, ನಾಳೆ ವಾಪಸು ಕೊಡುತ್ತೇನೆ ಎಂದು ಹೇಳಿದೆ. ಹೀಗೆ ಹೇಳಿದರೆ ಅವರಿಗೆ ಸಮಾಧಾನವಾಗುತ್ತದೆ ಎಂದು ಯಾಕೆ ಎಣಿಸಿದೆನೋ. ಅವರು ಹಣೆ ಗಂಟಿಕ್ಕಿದರು.

"ಎರಡನೇ ಗಂಟು ಹಾಕಿದ್ದು ಗಾಡಿ ಅಲ್ಲ, ನೀವು. ಗಾಡಿಗೆ ಎಂತಕ್ಕೆ ಶಿಕ್ಷೆ?"

ನಾನು ತಲೆ ತಗ್ಗಿಸಿದೆ. ಅದನ್ನು ಹೊಳೆಗೆ ಬಿಡಬಹುದಿತ್ತಲ್ಲ ಕಾಕ, ನೀವೇ ಹೇಳಿದ ನಿಯಮ ಅಲ್ಲವೇ ಎಂದು ಕೇಳಿದೆ.

"ಬಿಡಬಹುದಿತ್ತು" ಎಂದರು. "ಬಿಟ್ಟಿದ್ದರೆ ನೀವು ಬುಧವಾರ ಹೇಗೆ ಹೋಗ್ತೀರಿ ಮಾರಾಯ್ರೆ? ಮಗು ಶನಿವಾರದವರು ಅಂತ ಕರೀತದೆ ಅಂದಿರಲ್ಲ."

ನನಗೆ ಅಳು ಬಂತು. ಅವರು ನೋಡಿಯೂ ನೋಡದವರಂತೆ ಹೊಳೆಯ ಕಡೆ ಮುಖ ತಿರುಗಿಸಿ, ಎರಡು ಬೆರಳು ಕೊಟ್ಟಾಗಿದೆ, ಇನ್ನು ನೀವು ತಗೊಳ್ಳದಿದ್ದರೆ ನನಗೆ ನಷ್ಟ ಎಂದು ನಕ್ಕರು. ಮರುದಿನ ದೊರೆಯ ಹತ್ತಿರ ಹೋಗಿ ಹಣ ಕೊಟ್ಟು ಗಾಡಿಯನ್ನು ನನ್ನದಾಗಿ ಮಾಡಿಕೊಂಡೆ.

ಆಮೇಲೆ ವರ್ಷಗಟ್ಟಲೆ ವಾರಕ್ಕೆ ಎರಡು ಸಲ ಅವರ ದೋಣಿಯಲ್ಲೇ ದಾಟಿದೆ. ಉಳಿದ ಮೂರು ಬೆರಳಿನಲ್ಲಿ ಅದೇ ಗಂಟು ಹಾಕುತ್ತಿದ್ದರು. ಮಳೆಗಾಲದಲ್ಲಿ ಹೊಳೆ ಕೆಂಪಾದರೆ, ಇಂದು ಬೇಡ, ತಿರುಗಿ ಹೋಗಿ ಎನ್ನುತ್ತಿದ್ದರು. ನಾನು ಮಾತಿಲ್ಲದೆ ತಿರುಗುತ್ತಿದ್ದೆ. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಗಾಡಿ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ನಿಂತದ್ದೂ ಉಂಟು. ಆದರೆ ಅಷ್ಟರಲ್ಲಿ ಮಗಳು ಗಾಡಿಯ ಸದ್ದು ಕೇಳಿದರೆ ಬೇಲಿಯ ತನಕ ಓಡಿಬಂದು ಅಪ್ಪ ಎಂದು ಕರೆಯುವುದನ್ನು ಕಲಿತಿದ್ದಳು. ಬಸ್ಸಿನಲ್ಲಿ ಬಂದರೂ ಹಾಗೆಯೇ ಕರೆದಳು.

ಯುದ್ಧ ಮುಗಿದು ಕೆಲವು ವರ್ಷಗಳಿಗೆ ಕೂಳೂರಿಗೆ ಸೇತುವೆ ಬಂತು. ದೋಣಿಯಲ್ಲಿ ದಾಟಿದ ಕೊನೆಯ ದಿನ ನನ್ನ ಚೀಲದ ಕೊಂಡಿ ಮುರಿದಿರುವುದನ್ನು ಕಾಕ ನೋಡಿದರು. ದೋಣಿಯ ಹಗ್ಗದಿಂದ ಒಂದು ತುಂಡು ಕೊಯ್ದು ಅದರ ಬಾಯಿ ಕಟ್ಟಿಕೊಟ್ಟರು. ಇನ್ನಾದರೂ ಈ ಗಂಟು ಕಲಿತುಕೊಳ್ಳಿ ರೈಟ್ರೇ ಎಂದರು. ನನಗೆ ಆತುರ. ಇನ್ನೊಮ್ಮೆ ಬರುತ್ತೇನೆ ಕಾಕ ಎಂದು ಗಾಡಿ ಹತ್ತಿದೆ.

ಆ ಇನ್ನೊಮ್ಮೆ ಬರಲಿಲ್ಲ. ಸೇತುವೆಯ ಮೇಲೆ ಗಾಡಿ ನಿಲ್ಲಿಸಲು ಕಾರಣವೇ ಇರಲಿಲ್ಲ, ಎರಡು ನಿಮಿಷದಲ್ಲಿ ಹೊಳೆ ಮುಗಿಯುತ್ತಿತ್ತು. ಒಮ್ಮೊಮ್ಮೆ ಕೆಳಗೆ ಅವರ ಮನೆಯ ಮಾಡು ಕಾಣುತ್ತಿತ್ತು, ಬುಧವಾರ ಇಳಿದು ಮಾತಾಡಿಸೋಣ ಎಂದುಕೊಳ್ಳುತ್ತಿದ್ದೆ... ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ತಿಂಗಳು ಕಳೆದ ಮೇಲೆ, ಒಬ್ಬ ಮೀನಿನವಳ ಬಾಯಿಂದ. ಎರಡನೇ ಗಂಟು ನನ್ನದೆಂದು ಅವರ ಮಕ್ಕಳಿಗೆ ಹೇಳಲು ಅಂದೂ ಧೈರ್ಯ ಬರಲಿಲ್ಲ. ಇಲ್ಲಿ ಬರೆಯುತ್ತಿರುವುದೇ ಮೊದಲು.

ಗಾಡಿ ಎಂದೋ ಹೋಯಿತು. ಮೂಲ್ಕಿಯ ಅಂಗಳದಿಂದ ಓಡಿಬರುತ್ತಿದ್ದ ಮಗಳ ತಲೆ ಈಗ ನೆರೆತಿದೆ. ಚೀಲ ಮಾತ್ರ ನನ್ನ ತೊಡೆಯ ಮೇಲಿತ್ತು. ಒಳಗೆ ಏನಿದೆಯೋ ನೋಡೋಣ ಎಂದು ಹಗ್ಗದ ತುದಿ ಹಿಡಿದೆ. ಅಂದಿನಿಂದ ಯಾರೂ ಬಿಚ್ಚದೆ ನಾರು ಮರದಂತೆ ಗಟ್ಟಿಯಾಗಿತ್ತು, ಕತ್ತರಿ ತರಬೇಕೇನೋ ಅಂದುಕೊಂಡೆ. ಸುಮ್ಮನೆ ಒಮ್ಮೆ ಎಳೆದೆ. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಒಳಗೆ ಎರಡು ಸ್ಪ್ಯಾನರ್, ಎಣ್ಣೆಯ ಬಟ್ಟೆ, ಅಷ್ಟೇ. ಎಲ್ಲ ಮತ್ತೆ ಒಳಗಿಟ್ಟು ಹಗ್ಗ ಸುತ್ತಿದೆ. ನಾಲ್ಕು ಬಗೆಯಲ್ಲಿ ಕಟ್ಟಿ ನೋಡಿದೆ. ಸುಣ್ಣದವನು ಏಣಿ ಇಳಿದು ಬಂದು, ಎಂತ ಮಾಡ್ತಾ ಇದ್ದೀರಿ ಅಜ್ಜ ಎಂದು ಕೇಳಿದ. ಆ ಗಂಟು ಹಾಕಲು ನನಗೆ ಬರುವುದಿಲ್ಲ ಎಂದೆ.